ಉಪವಾಸ ಕುಳಿತ ಅತಿಥಿ

ಹಲ್ಲಿಗೆ ಊಟವಿಕ್ಕುವ ಪದ್ಧತಿ ಕನ್ನಡನಾಡಿನ ಮನೆಗಳಲ್ಲಿ ಎಂದೂ ಇದ್ದುದಿಲ್ಲ. ಗೋಡೆಯ ಮೇಲಣ ಹಲ್ಲಿ ತನ್ನ ಆಹಾರವನ್ನು ತಾನೇ ಸಂಪಾದಿಸಿಕೊಳ್ಳುತ್ತದೆ. ದೀಪದ ಸುತ್ತ ಹುಳುಗಳು ಹಾರಾಡುವವರೆಗೆ ಅದಕ್ಕೆ ಗೃಹಸ್ಥನ ಹಂಗಿಲ್ಲ. ಅದು ಲೊಚಗುಟ್ಟಿದಾಗ ‘ಸತ್ಯ, ಸತ್ಯ’ ಎಂದು ಬೆರಳಿನಿಂದ ನೆಲವನ್ನು ತಟ್ಟುವುದು, ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲವನ್ನು ಹುಡುಕುವುದು, ಕಂಚಿಯ ವರದರಾಜಸ್ವಾಮಿಯ ಸನ್ನಿಧಿಗೆ ಹೋದವರು ಅಲ್ಲಿಯ ಚಿನ್ನದ ಹಲ್ಲಿಯನ್ನು ಮುಟ್ಟಿ ಬರುವುದು—ಇಷ್ಟಕ್ಕೆ ಹಲ್ಲಿಯ ಸಂಗಡ ನಮ್ಮವರ ವ್ಯವಹಾರ ಮುಗಿಯಿತು. ಅದು ಇಂದು ಉಂಡಿತೇ, ಉಪವಾಸವಿದ್ದಿತೇ ಎಂದು ಯಾರೂ ನಿದ್ದೆಗೆಟ್ಟವರಲ್ಲ.

ಆದರೆ ಉದ್ಯೋಗನಿಮಿತ್ತವಾಗಿ ಅಮೆರಿಕೆಯಲ್ಲಿ ಸಂಸಾರ ಹೂಡಿರುವ ಕನ್ನಡಿಗರಲ್ಲಿ ಕೆಲವರಿಗೆ ಈ ನಿದ್ದೆಗೇಡು ಅಪರಿಚಿತವಲ್ಲ. ಆ ದೇಶದಲ್ಲಿ ಹಲ್ಲಿಯನ್ನು ಸಾಕುವುದೂ ಒಂದು ಹವ್ಯಾಸ. ಮಗು ಪ್ರಾಣಿ ಬೇಕೆಂದು ಹಟ ಹಿಡಿಯುತ್ತದೆ. ನಾಯಿಯೆಂದರೆ ಹಿಮ ಬೀಳುವ ದಿನವೂ ಹೊರಗೆ ಅಡ್ಡಾಡಿಸಿಕೊಂಡು ಬರಬೇಕು. ಬೆಕ್ಕೆಂದರೆ ಬಾಡಿಗೆ ಮನೆಯ ಕರಾರು ಅಡ್ಡ ಬರುತ್ತದೆ. ವಾದವಿವಾದಗಳೆಲ್ಲ ಮುಗಿದು ಕೊನೆಗೆ ಗಾಜಿನ ಪೆಟ್ಟಿಗೆಯೊಂದು ಮನೆಯೊಳಕ್ಕೆ ಬರುತ್ತದೆ. ಅದರೊಳಗೆ ಹಳದಿ ಮೈಯ ಮೇಲೆ ಕಪ್ಪು ಚುಕ್ಕೆಗಳುಳ್ಳ, ಗೇಣುದ್ದದ, ದಪ್ಪ ಬಾಲದ ಒಂದು ಜೀವ. ‘ಲೆಪರ್ಡ್ ಗೆಕೊ’ ಎಂದು ಅದಕ್ಕೆ ಹೆಸರು. ಚಿರತೆಹಲ್ಲಿ ಎಂದು ಕರೆದರೆ ನಮಗೆ ಒಪ್ಪೀತು.

ಅಂತಹ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ನ್ಯೂಜೆರ್ಸಿಯ ಒಂದು ಊರು. ನವೆಂಬರ್ ತಿಂಗಳ ಚಳಿ. ತಂದೆ, ತಾಯಿ, ಹನ್ನೊಂದು ವರ್ಷದ ಮಗಳು. ಮೊಮ್ಮಗಳನ್ನು ನೋಡಲು ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ಅಜ್ಜಿ. ಯಾರೋ ಊರು ಬಿಟ್ಟು ಹೋಗುವಾಗ ಪ್ರಾಣಿಗಳ ಆಶ್ರಯಧಾಮದಲ್ಲಿ ಬಿಟ್ಟುಹೋದ ಚಿರತೆಹಲ್ಲಿಯನ್ನು ಮಗಳು ದತ್ತು ತಂದಿದ್ದಾಳೆ. ಅದರ ಪೆಟ್ಟಿಗೆ, ಒಂದು ಕೆಂಪು ದೀಪ, ನೀರಿನ ಬಟ್ಟಲು, ಇವೂ ಅದರ ಸಂಗಡವೇ ಬಂದಿವೆ.

ಮೊದಲ ದಿನ ಅದು ಉಣ್ಣಲಿಲ್ಲ. ಪ್ರಯಾಣದ ಆಯಾಸವಿರಬೇಕು ಎಂದರು. ಎರಡನೆಯ ದಿನವೂ ಉಣ್ಣಲಿಲ್ಲ. ಮೂರನೆಯ ದಿನ ಹುಳುವಿನ ಜಾತಿಯನ್ನು ಬದಲಾಯಿಸಿದರು. ನಾಲ್ಕನೆಯ ದಿನ ಮಗಳು ಇಕ್ಕಳದಲ್ಲಿ ಹುಳುವನ್ನು ಹಿಡಿದು ಅದರ ಮೂತಿಯ ಮುಂದೆ ಅರ್ಧ ಗಂಟೆ ಅಲ್ಲಾಡಿಸಿದಳು; ಹಲ್ಲಿ ಮುಖ ತಿರುಗಿಸಿತು. ಐದನೆಯ ದಿನ ಅದನ್ನು ಕೈಯಲ್ಲೆತ್ತಿಕೊಂಡು ಬೆನ್ನು ಸವರಿ ಸಮಾಧಾನ ಮಾಡಿದ್ದಾಯಿತು. ಅಂದು ರಾತ್ರಿ ಮಗಳೂ ಊಟ ಬೇಡವೆಂದು ಮಲಗಿದಳು. ಹಲ್ಲಿಯ ಉಪವಾಸ ಈಗ ಮನೆಯ ಉಪವಾಸವಾಯಿತು.

ನಮ್ಮ ಉಪಚಾರದ ರೀತಿಯೇ ಹಾಗೆ. ಅತಿಥಿ ಸಾಕೆಂದರೆ ಇನ್ನೊಂದು ಹೋಳಿಗೆ. ಮಗು ಬೇಡವೆಂದರೆ ಚಂದಮಾಮನನ್ನು ತೋರಿಸಿ ಇನ್ನೊಂದು ತುತ್ತು. ಬಲವಂತವೇ ವಾತ್ಸಲ್ಯದ ಗುರುತು. ದುರ್ದೈವವೆಂದರೆ, ಈ ಉಪಚಾರದ ಒಂದೊಂದು ಕ್ರಮವೂ ಚಿರತೆಹಲ್ಲಿಯ ಪಾಲಿಗೆ ಉಪದ್ರವ. ದೊಡ್ಡ ಕೈಯೊಂದು ಮೇಲಿನಿಂದ ಇಳಿದು ಬರುವುದನ್ನು ಅದರ ಕುಲವು ಲಕ್ಷಾಂತರ ವರ್ಷಗಳಿಂದ ಒಂದೇ ಅರ್ಥದಲ್ಲಿ ತಿಳಿದುಕೊಂಡಿದೆ: ಯಾವುದೋ ಹಕ್ಕಿ ತನ್ನನ್ನು ಹಿಡಿಯಲು ಬಂದಿದೆ! ಪ್ರಾಣಭಯದಲ್ಲಿರುವ ಜೀವಕ್ಕೆ ಹಸಿವೆಲ್ಲಿಯದು?

ಕಲ್ಲುಗುಡ್ಡದ ವಾಸಿ

ಈ ಅತಿಥಿಯ ಮೂಲವನ್ನು ವಿಚಾರಿಸಿದರೆ ಒಂದು ಸೋಜಿಗ ಕಾಣುತ್ತದೆ. ಅಮೆರಿಕೆಯ ಅಂಗಡಿಗಳಲ್ಲಿ ಮಾರಾಟವಾಗುವ ಈ ಪ್ರಾಣಿ ನಮ್ಮ ನೆರೆಯದೇ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಪಾಲಕನಾಗಿದ್ದ ಎಡ್ವರ್ಡ್ ಬ್ಲೈತ್ ಎಂಬಾತ 1854ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಅವನಿಗೆ ದೊರೆತ ಮಾದರಿ ಪಂಜಾಬಿನ ಉಪ್ಪಿನ ಬೆಟ್ಟಗಳದು. ಆ ಬೆಟ್ಟಗಳು ಇಂದು ಪಾಕಿಸ್ತಾನದಲ್ಲಿವೆ. ಅಲ್ಲಿಂದ ಆಫ್ಘಾನಿಸ್ತಾನದವರೆಗಿನ ಒಣ ಕಲ್ಲುಗುಡ್ಡಗಳೇ ಇದರ ತವರು. ಇಂದು ಮನೆಗಳಲ್ಲಿರುವವು ಹಲವು ತಲೆಮಾರುಗಳಿಂದ ಸಾಕಣೆಯಲ್ಲೇ ಹುಟ್ಟಿ ಬೆಳೆದವು. ಆದರೆ ಹುಟ್ಟುಗುಣ ಪೆಟ್ಟಿಗೆಯಲ್ಲಿ ಹುಟ್ಟಿದ ಮಾತ್ರಕ್ಕೆ ಹೋಗುವುದಿಲ್ಲ.

ಹಗಲೆಲ್ಲ ಬಂಡೆಯ ಸಂದಿಯಲ್ಲಿ ಅಡಗಿದ್ದು, ಹೊತ್ತು ಮುಳುಗಿದ ಮೇಲೆ ಹೊರಬಂದು ಬೇಟೆಯಾಡುವ ಪ್ರಾಣಿ ಇದು. ನಮ್ಮ ಮನೆಯ ಹಲ್ಲಿಯಂತೆ ಗೋಡೆ ಹತ್ತಲಾರದು. ಬೆರಳಿನಡಿಯಲ್ಲಿ ಅಂಟಿಕೊಳ್ಳುವ ಪಟ್ಟಿಗಳಿಲ್ಲ, ಉಗುರುಗಳು ಮಾತ್ರ. ನಮ್ಮ ಹಲ್ಲಿಗೆ ಕಣ್ಣು ಮುಚ್ಚಲು ರೆಪ್ಪೆಯಿಲ್ಲದೆ ಅದು ನಾಲಗೆಯಿಂದ ಕಣ್ಣನ್ನು ಒರೆಸಿಕೊಳ್ಳುತ್ತದೆ, ಇದಕ್ಕಾದರೋ ರೆಪ್ಪೆಗಳುಂಟು. ಇದರ ಶಾಸ್ತ್ರೀಯ ನಾಮದ ಮೊದಲ ಭಾಗ ಗ್ರೀಕ್ ಭಾಷೆಯಲ್ಲಿ ‘ನಿಜವಾದ ರೆಪ್ಪೆಯುಳ್ಳದ್ದು’ ಎಂಬರ್ಥವನ್ನು ಕೊಡುತ್ತದೆ. ತವರಿನ ಹಳ್ಳಿಗರಲ್ಲಿ ಅನೇಕರು ಇದನ್ನು ವಿಷಜಂತುವೆಂದು ನಂಬಿ ಕೊಲ್ಲುವುದುಂಟು. ವಿಷವೆಂಬುದು ಇದರಲ್ಲಿ ಲವಲೇಶವೂ ಇಲ್ಲ.

ಇದರ ಉಪವಾಸವನ್ನು ತಿಳಿಯಬೇಕಾದವರು ಮುಖ್ಯವಾಗಿ ಇದರ ಬಾಲವನ್ನು ನೋಡಬೇಕು. ಒಂಟೆಗೆ ಡುಬ್ಬವಿದ್ದಂತೆ ಇದಕ್ಕೆ ಬಾಲ. ಸುಕಾಲದಲ್ಲಿ ತಿಂದದ್ದನ್ನು ಕೊಬ್ಬಾಗಿಸಿ ಅಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬಾಲವು ಕುತ್ತಿಗೆಯಷ್ಟು ದಪ್ಪವಾಗಿದ್ದರೆ ಕಣಜ ತುಂಬಿದೆಯೆಂದೇ ಲೆಕ್ಕ. ಬಲಿತ ಹಲ್ಲಿ ಈ ಗಂಟಿನ ಮೇಲೆ ಕೆಲವು ವಾರಗಳನ್ನು ತಳ್ಳಬಲ್ಲದು. ಮರಿಗೆ ಈ ಸೌಕರ್ಯವಿಲ್ಲ. ಹುಟ್ಟುವಾಗ ಮೂರು ಗ್ರಾಂ ತೂಗುವ ಜೀವವದು. ವಾರ, ಹತ್ತು ದಿನ ಉಣ್ಣದಿದ್ದರೆ ಪ್ರಾಣಕ್ಕೇ ಸಂಚಕಾರ. ಆದಕಾರಣ ಉಪವಾಸ ಎಷ್ಟು ದಿನದ್ದು ಎಂದು ಕೇಳುವ ಮೊದಲು ಉಪವಾಸವಿರುವವರ ವಯಸ್ಸೆಷ್ಟು ಎಂದು ಕೇಳತಕ್ಕದ್ದು.

ಅಜ್ಜಿಯ ಚಳಿ

ನ್ಯೂಜೆರ್ಸಿಯ ಆ ಮನೆಯಲ್ಲಿ ಮರ್ಮವನ್ನು ಮೊದಲು ಮುಟ್ಟಿದವರು ಅಜ್ಜಿಯಾದರೆ ಆಶ್ಚರ್ಯವಿಲ್ಲ. ಮನೆಯ ಯಂತ್ರ ಕೊಠಡಿಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿತ್ತು. ಮಗನಿಗೂ ಸೊಸೆಗೂ ಅದು ಹಿತವಾದ ಬೆಚ್ಚಗೆ. ಅಜ್ಜಿ ಮಾತ್ರ ಸ್ವೆಟರಿನ ಮೇಲೆ ಶಾಲು ಹೊದ್ದು, ಕಾಲಿಗೆ ಚೀಲ ತೊಟ್ಟು ಕುಳಿತಿದ್ದರು. “ಪುಟ್ಟೀ, ನನಗೇ ಇಷ್ಟು ಚಳಿಯಾಗುವಾಗ ಅದಕ್ಕೆ ಆಗದೇನೇ? ಅದಕ್ಕೆ ಶಾಲು ಹೊದಿಸುವವರು ಯಾರು?” ಎಂದರು.

“ದೀಪ ಹಾಕಿದೆಯಲ್ಲಜ್ಜೀ, ಈ ಮೀಟರ್ ನೋಡಿ, 24 ತೋರಿಸುತ್ತಿದೆ.”

“ಮೀಟರು ಗೋಡೆಯ ಮೇಲಿದೆಯಲ್ಲೇ ಮಗೂ. ಹಲ್ಲಿ ಮಲಗಿರುವುದು ನೆಲದ ಮೇಲೆ.”

ಶಾಸ್ತ್ರವೂ ಇದನ್ನೇ ಹೇಳುತ್ತದೆ. ಮನುಷ್ಯ ಉಂಡ ಅನ್ನ ಅವನ ದೇಹದಲ್ಲಿ ಉರಿದು ಮೈಯನ್ನು 37 ಡಿಗ್ರಿಯಲ್ಲಿ ಕಾಯ್ದಿಡುತ್ತದೆ. ಹಲ್ಲಿಯ ಮೈಯೊಳಗೆ ಅಂತಹ ಒಲೆಯಿಲ್ಲ. ಬಿಸಿಯು ಹೊರಗಿನಿಂದಲೇ ಬರಬೇಕು. ಕಲ್ಲುಗುಡ್ಡದಲ್ಲಿ ಹಗಲು ಕಾದ ಬಂಡೆ ರಾತ್ರಿಯೂ ಬೆಚ್ಚಗಿದ್ದು ಅದರ ಹೊಟ್ಟೆಗೆ ಶಾಖವನ್ನು ಕೊಡುತ್ತದೆ. ಆ ಶಾಖವಿದ್ದರೆ ಜೀರ್ಣರಸಗಳು ಕೆಲಸ ಮಾಡುತ್ತವೆ. ಇಲ್ಲವಾದರೆ ನುಂಗಿದ ಹುಳು ಹೊಟ್ಟೆಯಲ್ಲೇ ಕೊಳೆಯುತ್ತದೆ. ತಣ್ಣಗಿರುವ ಹಲ್ಲಿ ಊಟವನ್ನು ನಿರಾಕರಿಸುವುದು ಮೊಂಡುತನವಲ್ಲ, ಜಾಣತನ. ಹೊಸದಾಗಿ ಬಂದ ಹಲ್ಲಿಗಳು ಉಣ್ಣದಿರುವುದಕ್ಕೆ ಸಾಮಾನ್ಯವಾದ ಕಾರಣಗಳನ್ನು ಎಣಿಸಹೊರಟರೆ ನೆಲದ ತಂಪಿಗೆ ಮೊದಲ ಸಾಲಿನಲ್ಲೇ ಸ್ಥಾನ.

ಪೆಟ್ಟಿಗೆಯ ಒಂದು ತುದಿಯಲ್ಲಿ ನೆಲದ ಶಾಖ 31ರಿಂದ 34 ಡಿಗ್ರಿಯಷ್ಟು ಇರಬೇಕು. ಇನ್ನೊಂದು ತುದಿ 24ರ ಆಸುಪಾಸಿನಲ್ಲಿ ತಂಪಾಗಿರಬೇಕು. ಎಲ್ಲಿ ಮಲಗಬೇಕೆಂಬ ನಿರ್ಣಯ ಹಲ್ಲಿಯದು. ಇದಕ್ಕಾಗಿ ಪೆಟ್ಟಿಗೆಯ ಅಡಿಯಲ್ಲಿ ಮೂರನೆಯ ಒಂದು ಪಾಲಿಗೆ ಹಾಸುವ ವಿದ್ಯುತ್ತಿನ ಚಾಪೆ ದೊರೆಯುತ್ತದೆ. ಆ ಚಾಪೆಯನ್ನು ಥರ್ಮೋಸ್ಟಾಟ್ ಇಲ್ಲದೆ ಎಂದೂ ಹಚ್ಚಕೂಡದು. ಹೊಟ್ಟೆ ಸುಟ್ಟುಕೊಂಡ ಹಲ್ಲಿಗಳು ವೈದ್ಯರಲ್ಲಿಗೆ ಬರುವುದುಂಟು. ವಿದ್ಯುತ್ತಿನಿಂದ ಕಾಯುವ ಕೃತಕ ಬಂಡೆಯ ಸಹವಾಸವಂತೂ ಬೇಡವೇ ಬೇಡ. ಶಾಖವನ್ನು ಅಳೆಯುವುದಾದರೆ ಹಲ್ಲಿ ಹೊಟ್ಟೆಯೂರುವ ಜಾಗದಲ್ಲಿ ಅಳೆಯಬೇಕು. ಗಾಜಿಗೆ ಅಂಟಿಸಿದ ಮೀಟರು ಗಾಳಿಯ ವಿಷಯವನ್ನು ಹೇಳುತ್ತದೆ, ನೆಲದ ವಿಷಯವನ್ನಲ್ಲ. ಆ ಮನೆಯಲ್ಲಿ ನೆಲವನ್ನು ಅಳೆದಾಗ ಬಂದದ್ದು 22!

ಎರಡನೆಯ ಅಗತ್ಯ ಮರೆ. ಬೆಚ್ಚನೆಯ ಕಡೆ ಒಂದು, ತಂಪಿನ ಕಡೆ ಒಂದು, ಇವೆರಡರ ನಡುವೆ ಒದ್ದೆ ಪಾಚಿಯನ್ನೋ ಒದ್ದೆ ಕಾಗದವನ್ನೋ ಹಾಸಿದ ಇನ್ನೊಂದು, ಹೀಗೆ ಮೂರು ಗೂಡುಗಳು. ಅಂಗಡಿಯದೇ ಆಗಬೇಕೆಂದಿಲ್ಲ, ಬಾಗಿಲು ಕೊರೆದ ಐಸ್‌ಕ್ರೀಂ ಡಬ್ಬಿಯೂ ಸಾಕು. ಒಂದೇ ಗೂಡಿದ್ದರೆ ಹಲ್ಲಿ ಬೆಚ್ಚಗಿರುವುದೋ ಅಡಗಿರುವುದೋ ಎಂಬ ಸಂದಿಗ್ಧದಲ್ಲಿ ಬೀಳುತ್ತದೆ. ಅದು ಬಹುಮಟ್ಟಿಗೆ ಅಡಗುವುದನ್ನೇ ಆರಿಸಿಕೊಂಡು ತಣ್ಣಗೆ, ಹಸಿದು ಕೂರುತ್ತದೆ.

ಇಷ್ಟನ್ನು ಸಜ್ಜುಗೊಳಿಸಿದ ಮೇಲೆ ಮಾಡಬೇಕಾದ ಕೆಲಸವೇ ಎಲ್ಲಕ್ಕಿಂತ ಕಠಿಣವಾದದ್ದು: ಏನನ್ನೂ ಮಾಡದಿರುವುದು. ವಾರ, ಎರಡು ವಾರ ಹಲ್ಲಿಯನ್ನು ಮುಟ್ಟಕೂಡದು. ಗಳಿಗೆಗೊಮ್ಮೆ ಗೂಡನ್ನೆತ್ತಿ ನೋಡಕೂಡದು. ನೆಂಟರಿಷ್ಟರನ್ನು ಕರೆದು ಪ್ರದರ್ಶನ ಏರ್ಪಡಿಸಕೂಡದು. ನೀರನ್ನು ದಿನವೂ ಬದಲಾಯಿಸಿ, ಸಂಜೆ ದೀಪ ತಗ್ಗಿಸಿದ ಮೇಲೆ ಹುಳುವನ್ನಿಟ್ಟು ಹಿಂದೆ ಸರಿಯಬೇಕು. ಹನ್ನೊಂದು ವರ್ಷದ ಹುಡುಗಿಗೆ ಇದು ಸಣ್ಣ ತಪಸ್ಸಲ್ಲ.

ಸಸ್ಯಾಹಾರಿಗಳ ಮನೆಯಲ್ಲಿ ಬೇಟೆಗಾರ

ಹುಳುವಿನ ಮಾತು ಬಂದಾಗ ಸಂಕೋಚವನ್ನು ಬಿಟ್ಟು ಒಂದು ವಿಷಯವನ್ನು ಹೇಳಲೇಬೇಕು. ಚಿರತೆಹಲ್ಲಿ ಸೊಪ್ಪನ್ನು ತಿನ್ನುವುದಿಲ್ಲ, ಹಣ್ಣನ್ನು ತಿನ್ನುವುದಿಲ್ಲ. ಅನ್ನ, ಹಾಲುಗಳಂತೂ ದೂರವೇ ಉಳಿದವು. ಜೀವಂತವಾಗಿ ಅಲುಗಾಡುವ ಹುಳುವೇ ಅದರ ಆಹಾರ. ಮಳೆಗಾಲದ ರಾತ್ರಿ ಕಿರಗುಟ್ಟುವ ಚಿಮ್ಮಂಡೆ, ಹಿಟ್ಟಿನ ಹುಳು, ಸಾಕಿದ ಜಿರಲೆ—ಇವು ಡಬ್ಬಿಗಳಲ್ಲಿ ಮನೆಗೆ ಬರಬೇಕು, ಮನೆಯಲ್ಲೇ ಉಂಡು ಬಾಳಬೇಕು. ಈರುಳ್ಳಿಯನ್ನೂ ದೂರವಿಟ್ಟ ಅಡುಗೆಮನೆಯ ಪಕ್ಕದಲ್ಲಿ ಜಿರಲೆಯ ಸಂಸಾರ! ಇದನ್ನು ಸಹಿಸಲಾರದವರು ಹಲ್ಲಿಯನ್ನು ತರುವ ಮುನ್ನವೇ ಆಲೋಚಿಸುವುದು ಒಳ್ಳೆಯದು. ತಂದಮೇಲೆ ಅದಕ್ಕೆ ಸಸ್ಯಾಹಾರದ ದೀಕ್ಷೆ ಕೊಡಹೊರಟರೆ ಸಾಯುವುದು ಹಲ್ಲಿಯೇ. ಹಲ್ಲಿಯೇ ಬೇಕು, ಹುಳು ಬೇಡ ಎನ್ನುವವರಿಗೆ ನ್ಯೂ ಕ್ಯಾಲೆಡೋನಿಯಾ ದ್ವೀಪದ ‘ಕ್ರೆಸ್ಟೆಡ್ ಗೆಕೊ’ ಎಂಬ ಇನ್ನೊಂದು ಜಾತಿ ಇದೆ. ನಿರ್ವಂಶವಾಯಿತೆಂದು ಭಾವಿಸಿದ್ದ ಅದು 1994ರಲ್ಲಿ ಮತ್ತೆ ಕಣ್ಣಿಗೆ ಬಿದ್ದಿತು. ಈಗ ಅಂಗಡಿಯ ಪುಡಿಯನ್ನು ನೀರಿನಲ್ಲಿ ಕಲಸಿಕೊಟ್ಟರೆ ನೆಕ್ಕಿಕೊಂಡು ಬದುಕುತ್ತದೆ.

ಹುಳು ಎಷ್ಟು ದೊಡ್ಡದಿರಬೇಕು? ಹಲ್ಲಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ಅಗಲವಾಗಿರಬಾರದು. ಕೊಡುವ ಮುನ್ನ ಹುಳುವಿಗೂ ಒಂದು ದಿನ ಕ್ಯಾರೆಟ್ಟು, ಸೊಪ್ಪುಗಳ ಪುಷ್ಟಿಯಾದ ಊಟವಾಗಬೇಕು. ಬಳಿಕ ಅದಕ್ಕೆ ಕ್ಯಾಲ್ಸಿಯಂ ಪುಡಿಯನ್ನು ಹಚ್ಚಬೇಕು. ಈ ಪುಡಿ ಅಲಂಕಾರವಲ್ಲ. ಸುಣ್ಣದ ಅಂಶ ಸಾಲದಾದರೆ ಹಲ್ಲಿಯ ದವಡೆ ರಬ್ಬರಿನಂತೆ ಮೆದುವಾಗುತ್ತದೆ, ಕಾಲುಗಳು ಸೊಟ್ಟಗಾಗುತ್ತವೆ. ಆಗ ಅದು ಉಣ್ಣದಿರುವುದು ಬೇಡವೆಂದಲ್ಲ, ಅಗಿಯಲಾರದೆ. ಹಿತ್ತಿಲಲ್ಲಿ ಹಿಡಿದ ಹುಳುವನ್ನು ಹಾಕುವುದು ತರವಲ್ಲ. ಅದಕ್ಕೆ ಯಾರ ಮನೆಯ ಕೀಟನಾಶಕ ತಗುಲಿದೆಯೋ! ಮಿಂಚುಹುಳುವಂತೂ ಹಲ್ಲಿಗೆ ಪ್ರಾಣಾಂತಿಕ ವಿಷ. ಉಣ್ಣದ ಹಲ್ಲಿಯ ಬಳಿ ಚಿಮ್ಮಂಡೆಗಳನ್ನು ರಾತ್ರಿಯಿಡೀ ಬಿಟ್ಟಿರಲೂ ಕೂಡದು. ಹಸಿದ ಚಿಮ್ಮಂಡೆ ಹಲ್ಲಿಯನ್ನೇ ಕಚ್ಚುತ್ತದೆ. ಬೇಟೆಗಾರನನ್ನು ಬೇಟೆ ತಿನ್ನುವ ವಿಪರೀತ!

ಮೇಣದ ಹುಳುವೆಂದು ಒಂದುಂಟು. ಕೊಬ್ಬಿನ ಮುದ್ದೆ, ಹಲ್ಲಿಗಳಿಗೆ ಅಚ್ಚುಮೆಚ್ಚು. ಉಪವಾಸ ಮುರಿಯಲು ಒಂದೆರಡನ್ನು ಕೊಡುವುದುಂಟು. ಮಿತಿ ಮೀರಿದರೆ ಮಿಠಾಯಿಯ ರುಚಿ ಹತ್ತಿದ ಮಗುವಿನಂತೆ ಹಲ್ಲಿ ಬೇರೆಲ್ಲವನ್ನೂ ತಿರಸ್ಕರಿಸುತ್ತದೆ.

ಉಪವಾಸಕ್ಕೆ ನಿರಪಾಯವಾದ ಕಾರಣಗಳೂ ಇವೆ. ಮೈ ಬೂದಿ ಬಳಿದಂತೆ ಬೆಳ್ಳಗಾದರೆ ಪೊರೆ ಬಿಡುವ ಕಾಲ ಬಂತೆಂದು ತಿಳಿಯಬೇಕು. ಆ ದಿನಗಳಲ್ಲಿ ಅದು ಉಣ್ಣುವುದಿಲ್ಲ. ಕಳಚಿದ ಪೊರೆಯನ್ನು ತಾನೇ ತಿಂದುಬಿಡುತ್ತದೆ. ಪೊರೆಯ ಚೂರು ಬೆರಳುಗಳ ಸುತ್ತ ಉಳಿದರೆ ರಕ್ತಸಂಚಾರ ನಿಂತು ಬೆರಳೇ ಉದುರುವ ಭಯವಿದೆ. ಒದ್ದೆ ಗೂಡಿನ ಉಪಯೋಗ ಇಲ್ಲಿಯೇ. ಚಳಿಗಾಲದಲ್ಲಿ ಬಲಿತ ಹಲ್ಲಿಗಳ ಹಸಿವು ತಗ್ಗುವುದು ಸ್ವಾಭಾವಿಕ. ವಸಂತದಲ್ಲಿ ಗಂಡಿಗೆ ಹೆಣ್ಣಿನ ಯೋಚನೆ, ಹೆಣ್ಣಿಗೆ ಮೊಟ್ಟೆಯ ಭಾರ. ಆಗಲೂ ಊಟ ಹಿಂದೆ ಬೀಳುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನಿಟ್ಟಿದ್ದರೆ ಬಲಿಷ್ಠವಾದದ್ದು ಇನ್ನೊಂದನ್ನು ಕಣ್ಣಿನಿಂದಲೇ ಹೆದರಿಸಿ ಉಪವಾಸ ಕೆಡಹುತ್ತದೆ. ಜೊತೆಯಿರಲಿ ಪಾಪ ಎಂಬ ಕನಿಕರ ಇಲ್ಲಿ ಸಲ್ಲದು.

ಅಡುಗೆಮನೆಯ ತಕ್ಕಡಿ

ಹಾಗಾದರೆ ಕಾಯುತ್ತಲೇ ಇರಬೇಕೇ? ಕಾಯುವುದಕ್ಕೂ ಅಲಕ್ಷ್ಯಕ್ಕೂ ನಡುವೆ ಗೆರೆಯೆಲ್ಲಿ? ಆ ಗೆರೆಯನ್ನು ಎಳೆಯುವುದು ಅಡುಗೆಮನೆಯ ತಕ್ಕಡಿ. ಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ಡಬ್ಬಿಯನ್ನಿಟ್ಟು, ವಾರಕ್ಕೊಮ್ಮೆ ಹಲ್ಲಿಯನ್ನು ತೂಗಿ, ಅಂಕಿಯನ್ನು ಬರೆದಿಡಬೇಕು. (ಈ ಡಬ್ಬಿಯನ್ನು ಮತ್ತೆ ಅಡುಗೆಗೆ ಬಳಸಬಾರದೆಂದು ಬೇರೆ ಹೇಳಬೇಕಾಗಿಲ್ಲ.) ಬಲಿತ ಚಿರತೆಹಲ್ಲಿ ಸಾಧಾರಣವಾಗಿ 50ರಿಂದ 80 ಗ್ರಾಂ ತೂಗುತ್ತದೆ. ಉಣ್ಣದಿದ್ದರೂ ತೂಕ ನಿಂತಿದ್ದರೆ ತಾಳ್ಮೆಗೆ ಅವಕಾಶವಿದೆ. ಹತ್ತರಲ್ಲಿ ಒಂದು ಪಾಲು ಇಳಿದರೆ ತಾಳ್ಮೆಯ ಗಡುವು ಮುಗಿಯಿತು, ವೈದ್ಯರಲ್ಲಿಗೆ ಹೊರಡಬೇಕು.

ಅಷ್ಟರವರೆಗೂ ಕಾಯದೆ ಒಡನೆಯೇ ಹೊರಡಬೇಕಾದ ಲಕ್ಷಣಗಳೂ ಇವೆ: ಬಾಲ ಕಡ್ಡಿಯಂತೆ ಸಣ್ಣಗಾಗುವುದು, ಕಣ್ಣು ಗುಳಿಬೀಳುವುದು, ನುಂಗಿದ್ದು ವಾಂತಿಯಾಗುವುದು, ಮಲ ನೀರಾಗುವುದು ಅಥವಾ ದಿನಗಟ್ಟಲೆ ಇಲ್ಲದಿರುವುದು, ಬಾಯಿಯಲ್ಲಿ ಕೀವು, ಕಾಲುಗಳ ನಡುಕ. ಪೆಟ್ಟಿಗೆಯಲ್ಲಿ ಮರಳು ಹಾಸಿದ್ದರೆ ಅದು ಹೊಟ್ಟೆ ಸೇರಿ ಕರುಳನ್ನು ಕಟ್ಟಿರಬಹುದು. ಹೊಸಬರು ಕಾಗದ ಹಾಸುವುದೇ ಲೇಸು. ಹುಳದ ಬಾಧೆ ಮಲಪರೀಕ್ಷೆಯಿಂದ ತಿಳಿಯುತ್ತದೆ, ಔಷಧಿಯಿಂದ ಹೋಗುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿಯ ಸೋಂಕು ಮಾತ್ರ ಬಹು ಕ್ರೂರವಾದದ್ದು. ಅದು ಹಲ್ಲಿಯನ್ನು ದಿನದಿನಕ್ಕೆ ಕರಗಿಸುತ್ತದೆ. ನೆಚ್ಚಬಹುದಾದ ಚಿಕಿತ್ಸೆ ಇಲ್ಲ. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹರಡುತ್ತದೆ. ಮನೆಯಲ್ಲಿ ಮೊದಲೇ ಬೇರೆ ಹಲ್ಲಿಗಳಿದ್ದರೆ ಹೊಸದನ್ನು ಪ್ರತ್ಯೇಕ ಕೋಣೆಯಲ್ಲಿಡಬೇಕೆನ್ನುವುದು ಇದಕ್ಕಾಗಿಯೇ.

ನಾಯಿಬೆಕ್ಕುಗಳ ವೈದ್ಯರೆಲ್ಲರೂ ಹಲ್ಲಿಯ ವೈದ್ಯರಾಗಿರುವುದಿಲ್ಲ. ಸರೀಸೃಪಗಳನ್ನೂ ಉಭಯಚರಗಳನ್ನೂ ನೋಡುವ ಪಶುವೈದ್ಯರದೇ ಒಂದು ಸಂಘ ಅಮೆರಿಕೆಯಲ್ಲಿ 1991ರಲ್ಲಿ ಸ್ಥಾಪಿತವಾಯಿತು. ಅಂತಹವರ ವಿಳಾಸವನ್ನು ಹಲ್ಲಿ ಆರೋಗ್ಯವಾಗಿರುವಾಗಲೇ ಗೊತ್ತುಮಾಡಿಕೊಂಡಿರಬೇಕು. ಅವರ ಸಲಹೆಯಿಲ್ಲದೆ ಬಾಯಿ ಬಿಡಿಸಿ ತುರುಕುವ ಸಾಹಸ ಸಲ್ಲದು. ದವಡೆ ಮುರಿದೀತು, ಆಹಾರ ಶ್ವಾಸನಾಳಕ್ಕೆ ಇಳಿದೀತು. ಹೆದರಿದ ಹಲ್ಲಿ ಬಾಲವನ್ನೇ ಕಳಚಿ ಬಿಟ್ಟೀತು. ಮತ್ತೆ ಬಾಲ ಬೆಳೆಯುತ್ತದೆ, ನಿಜ. ಆದರೆ ಹಸಿದ ಹೊತ್ತಿನಲ್ಲಿ ಕಳೆದುಹೋದದ್ದು ಅದರ ಕಣಜವಲ್ಲವೇ?

ಮನೆಯವರ ಆರೋಗ್ಯದ ಮಾತೂ ಇದೆ. ನೋಡಲು ಆರೋಗ್ಯವಾಗಿರುವ ಹಲ್ಲಿಯ ಮಲದಲ್ಲೂ ಸಾಲ್ಮೊನೆಲ್ಲಾ ಇರಬಹುದು. ಮುಟ್ಟಿದವರು ಸೋಪು ಹಚ್ಚಿ ಕೈ ತೊಳೆಯಲೇಬೇಕು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪವನ್ನು ತರಬಾರದೆಂದು ಅಮೆರಿಕೆಯ ಆರೋಗ್ಯಾಧಿಕಾರಿಗಳ ಸಲಹೆ. ಇನ್ನು ಇದನ್ನೋದಿ ಬೆಂಗಳೂರಿನ ಯಾವನಾದರೂ ಬಾಲಕ ಗೋಡೆಯ ಹಲ್ಲಿಯನ್ನು ಸೀಸೆಯಲ್ಲಿಟ್ಟರೆ ಅದು ಉಣ್ಣದಿರುವುದು ಖಂಡಿತ; ಅದಕ್ಕೆ ಮದ್ದು ಸೀಸೆಯ ಮುಚ್ಚಳ ತೆಗೆಯುವುದೊಂದೇ. ಉಡವನ್ನು ಹಿಡಿದಿಟ್ಟುಕೊಳ್ಳುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ನ್ಯೂಜೆರ್ಸಿಯ ಆ ಮನೆಯಲ್ಲಿ ಚಾಪೆ ಬಂದಿತು, ಗೂಡುಗಳು ಮೂರಾದವು. ಮರುದಿನ ಸಂಜೆಯೇ ಹಲ್ಲಿ ಬೆಚ್ಚನೆಯ ಗೂಡಿಗೆ ಒಕ್ಕಲು ಹೋಯಿತು. ಊಟ ಮಾತ್ರ ಮಾಡಲಿಲ್ಲ. ಮೊದಲ ತೂಕ 58 ಗ್ರಾಂ ಇದ್ದದ್ದು ವಾರದ ಮೇಲೆ 56 ಆಯಿತು. ತಾಯಿ ವೈದ್ಯರ ವಿಳಾಸವನ್ನು ಬರೆದು ಬಾಗಿಲಿಗೆ ಅಂಟಿಸಿದಳು. ಹನ್ನೆರಡನೆಯ ರಾತ್ರಿ ಹುಡುಗಿ ಹುಳುವಿನ ಬಟ್ಟಲನ್ನಿಟ್ಟು, ದೀಪವಾರಿಸಿ, ಕೋಣೆಯ ಇನ್ನೊಂದು ಮೂಲೆಯಲ್ಲಿ ಅಜ್ಜಿಯ ಶಾಲಿನೊಳಗೆ ಸೇರಿ ಕುಳಿತಳು. ಬಹಳ ಹೊತ್ತಿನ ಮೇಲೆ ಹಳದಿ ತಲೆಯೊಂದು ಗೂಡಿನ ಬಾಗಿಲಲ್ಲಿ ಕಾಣಿಸಿತು. ಹಲ್ಲಿ ಒಂದೊಂದೇ ಕಾಲನ್ನು ಅಳೆದು ಇಡುತ್ತ ಬಟ್ಟಲ ಬಳಿಗೆ ಬಂದಿತು. ಮೈ ಕಲ್ಲಾಯಿತು, ಬಾಲದ ತುದಿಯೊಂದು ಮಾತ್ರ ಹಾವಿನಂತೆ ಆಡತೊಡಗಿತು. ಮರುಕ್ಷಣ ಹುಳು ಬಟ್ಟಲಲ್ಲಿರಲಿಲ್ಲ.

“ಅಜ್ಜೀ!” ಎಂದು ಹುಡುಗಿ ಉಸಿರಿನಲ್ಲೇ ಕೂಗಿದಳು.

“ಸುಮ್ಮನಿರೇ, ಇನ್ನೊಂದು ತಿನ್ನಲಿ” ಎಂದರು ಅಜ್ಜಿ.